ಸಾವಿರ ಜನ ಬೇಕಿತ್ತು

ಅತ್ತಿಗೆ ಹತ್ತು ಮಾತ್ರೆಗಳ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು, "ಇದೇ ತಾನೇ ನಿಮ್ಮ ತುರಿಕೆ ಮಾತ್ರೆ?" ಎಂದು ಕೇಳಿದಾಗ ಅವಳು ಕಾಫಿ ಲೋಟವನ್ನು ತುಟಿಯವರೆಗೆ ತಂದಿದ್ದಳು. ಕುಡಿಯಲಿಲ್ಲ, ಕೆಳಗಿಡಲೂ ಇಲ್ಲ. ಲೋಟದ ಬಿಸಿ ಬೆರಳಿಗೆ ಹತ್ತುತ್ತಿತ್ತು. ಸ್ಟ್ರಿಪ್ಪಿನ ಬೆನ್ನ ಮೇಲಿನ ನೀಲಿ ಅಕ್ಷರಗಳು ಅವಳಿಗೆ ಬಾಯಿಪಾಠ. ಮೈಯೆಲ್ಲ ದದ್ದೆದ್ದಾಗ, ಏನೋ ಕಚ್ಚಿ ಕೈ ಊದಿಕೊಂಡಾಗ, ಔಷಧಿ ಅಂಗಡಿಯವನು ಚೀಟಿ ಕೂಡ ಕೇಳದೆ ಕತ್ತರಿಯಿಂದ ಎರಡೋ ನಾಲ್ಕೋ ಕತ್ತರಿಸಿ ಕೊಡುವ ಮಾತ್ರೆ. "ಎಲ್ಲಿ ಸಿಕ್ತು?" ಎಂದಳು, ಪೆದ್ದಿಯ ಹಾಗೆ. "ಎಲ್ಲಿ ಸಿಗುತ್ತೆ, ಮೂಲೆ ಅಂಗಡೀಲಿ. ಬಸ್ ಟಿಕೆಟ್ಟಿಗಿಂತ ಕಡಿಮೆ," ಎಂದು ಅತ್ತಿಗೆ ಎದುರಿನ ಕುರ್ಚಿ ಎಳೆದು ಕೂತರು. ಎಂಟು ತಿಂಗಳ ಹಿಂದೆ ಎಡ ಸ್ತನದ ಗಡ್ಡೆಗೆ ಆಪರೇಷನ್ ಆದಮೇಲೆ ಅವರು ಕೂರುವ ರೀತಿಯೇ ಬದಲಾಗಿತ್ತು. ಯಾರೋ ಪಕ್ಕದಿಂದ ತಳ್ಳುತ್ತಾರೆಂಬಂತೆ ಒಂದು ಭುಜ ಮುಂದೆ ಮಾಡಿ ಕೂರುತ್ತಿದ್ದರು. ಆಸ್ಪತ್ರೆಯವರು ಬರೆದುಕೊಟ್ಟ ಔಷಧಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಇಪ್ಪತ್ತಾರು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು, ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಬೆಂಚಿನ ಪಕ್ಕದಿಂದ ಕದಲದವರು. "ಆ ಔಷಧಿ ಜೊತೆಗೆ ಇದನ್ನೂ ತಗೋಬೇಕಾ, ಬೇಡ್ವಾ? ಒಂದೇ ಮಾತು ಹೇಳು."

"ಹಾಗೆ ಒಂದೇ ಮಾತಲ್ಲಿ ಹೇಳೋಕಾಗಲ್ಲ ಅತ್ತಿಗೆ."

"ಏಳು ವರ್ಷದಿಂದ ಇದರ ಹಿಂದೇನೇ ಬಿದ್ದಿದೀಯ. ಏಳು ವರ್ಷದಲ್ಲಿ ಸ್ಲೇಟು ಹಿಡಿಯೋಕೆ ಬರದಿರೋ ಮಗು ನನ್ನ ಕೈ ದಾಟಿ ಹೈಸ್ಕೂಲಿಗೆ ಹೋಗುತ್ತೆ. ನಿನಗೆ ಗೊತ್ತಿಲ್ವೋ, ಹೇಳೋಕೆ ಇಷ್ಟ ಇಲ್ವೋ?"

"ಯಾರಿಗೂ ಗೊತ್ತಿಲ್ಲ."

"ಮತ್ತೆ ನೀವೆಲ್ಲ ಮಾಡ್ತಿರೋದೇನು?"

ಇದಕ್ಕೆ ಉತ್ತರ ಇರಲಿಲ್ಲ ಎಂದಲ್ಲ. ಉತ್ತರಕ್ಕೆ ಒಂದು ಗಂಟೆ ಬೇಕಿತ್ತು, ಹತ್ತೂವರೆಗೆ ಅನುದಾನ ಸಮಿತಿಯ ಮುಂದೆ ಹಾಜರಾಗಬೇಕಿತ್ತು, ಮತ್ತು ಆ ಉತ್ತರದ ನಡುಮಧ್ಯದಲ್ಲಿ ಎಲ್ಲೋ ಅವಳ ಕೈಬರಹವೂ ಇತ್ತು. ಲೋಟ ಕೆಳಗಿಟ್ಟಳು. ಎದ್ದಳು. ಹಿಂದಿನಿಂದ ಅತ್ತಿಗೆ, "ಹೋಗು, ಹೋಗು. ಯಾರಿಗೂ ಗೊತ್ತಿಲ್ಲದೇ ಇರೋದನ್ನ ಹೋಗಿ ಅವರಿಗೆ ಹೇಳಿ ಬಾ," ಎಂದರು. ನಗುತ್ತಲೇ ಅಂದದ್ದು. ಮೆಟ್ಟಿಲಿಳಿಯುವಾಗ ಆ ನಗುವೇ ಬೆನ್ನಿಗೆ ಅಂಟಿಕೊಂಡು ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರು ಸೀಟಿನ ಗಂಡಸು ಕತ್ತಿನ ಹಿಂಭಾಗವನ್ನು ಕೆರೆದುಕೊಳ್ಳುತ್ತಿದ್ದ. ಅವಳಿಗೆ ಅಲ್ಲಿಂದೆದ್ದು ಓಡಿಹೋಗಬೇಕೆನಿಸಿತು. ಇಡೀ ಆಸ್ಪತ್ರೆಯಲ್ಲಿ ಅವರ ಕೆಲಸಕ್ಕೆ ತುರಿಕೆ ಪ್ರಾಜೆಕ್ಟ್ ಎಂದೇ ಹೆಸರು. ಕ್ಯಾಂಟೀನಿನಲ್ಲಿ ಅರಿವಳಿಕೆ ಡಾಕ್ಟರು ತಟ್ಟೆ ಹಿಡಿದುಕೊಂಡು ಬಂದು, "ಏನ್ ಲೆಕ್ಕದ ಮೇಡಂ, ನಿಮ್ಮ ತುರಿಕೆ ಇನ್ನೂ ಹೋಗಿಲ್ವಾ?" ಎನ್ನುತ್ತಾರೆ, ಸುತ್ತಲಿನವರು ನಗುತ್ತಾರೆ, ಅವಳೂ ನಗುತ್ತಾಳೆ. ಏಳು ವರ್ಷ ನಕ್ಕಿದ್ದಾಳೆ. ಲೆಕ್ಕದ ಮೇಡಂ ಎಂದರೆ ದುಡ್ಡಿನ ಲೆಕ್ಕದವಳಲ್ಲ, ಜನರ ಲೆಕ್ಕದವಳು. ಒಂದು ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಬೇಕಾದರೆ ಎಷ್ಟು ಜನಕ್ಕೆ ಅದನ್ನು ಕೊಡಬೇಕು, ಎಷ್ಟು ಜನಕ್ಕೆ ಬರಿಯ ಹಿಟ್ಟಿನ ಮಾತ್ರೆ ಕೊಟ್ಟು ಹೋಲಿಸಿ ನೋಡಬೇಕು ಎಂದು ಮೊದಲೇ ಹೇಳುವುದು ಅವಳ ಕೆಲಸ. ಜನ ಕಡಿಮೆಯಾದರೆ ಗುಣವಿದ್ದರೂ ಕಾಣುವುದಿಲ್ಲ. ನಾಲ್ಕು ಮನೆಯ ಬಾಗಿಲು ತಟ್ಟಿ ಇಡೀ ಊರಿನ ಮನಸ್ಸು ತಿಳಿಯಿತು ಎಂದ ಹಾಗಾಗುತ್ತದೆ. ಇಷ್ಟೇ ಅವಳ ವಿದ್ಯೆ. ಇದನ್ನು ಬಿಟ್ಟರೆ ಅವಳಿಗೆ ಬೇರೇನೂ ಬರುವುದಿಲ್ಲ, ಅಡುಗೆ ಕೂಡ ಅತ್ತಿಗೆಯದೇ. ಏಳು ವರ್ಷದ ಹಿಂದೆ ದೊಡ್ಡ ಡಾಕ್ಟರು ಹಳೆಯ ಫೈಲುಗಳ ರಾಶಿಯನ್ನು ಅವಳ ಮೇಜಿನ ಮೇಲೆ ಕೆಡವಿ, ಸ್ತನದ ಕ್ಯಾನ್ಸರಿನ ಆಪರೇಷನ್ ಆದಮೇಲೆ ದದ್ದಿಗೆಂದು ತಿಂಗಳುಗಟ್ಟಲೆ ಈ ಮಾತ್ರೆ ನುಂಗಿದ ಹೆಂಗಸರಲ್ಲಿ ಗಡ್ಡೆ ಮರಳಿ ಬಂದದ್ದು ಯಾಕೋ ಕಡಿಮೆ ಕಾಣುತ್ತಿದೆ ಎಂದಿದ್ದರು. ಅವರು ಶಸ್ತ್ರಚಿಕಿತ್ಸೆಯವರು, ಕೈ ಸುಮ್ಮನಿರುವುದಿಲ್ಲ, ಮಾತಾಡುವಾಗಲೂ ಬೆರಳುಗಳು ಕಾಣದ ದಾರಕ್ಕೆ ಗಂಟು ಹಾಕುತ್ತಿರುತ್ತವೆ. ಸುಮ್ಮನೆ ಹಾಗೆ ಕೂಡಿಬಂದಿರಬಹುದು ಸಾರ್, ಎಂದಿದ್ದಳು. "ಇರಬಹುದು. ಇರಬಹುದು ಅಂತಾನೇ ಹೇಳ್ತಿರೋದು. ನೋಡೋಣ ಅಂತ ತಾನೇ ನಿಮ್ಮ ಹತ್ರ ಬಂದಿರೋದು?" ನೋಡೋಣ ಎಂಬ ಆ ಮಾತಿಗೆ ಅವಳು ಆ ದಿನ ಎಷ್ಟು ಹಿಗ್ಗಿದ್ದಳು. ನೋಡುವುದಕ್ಕೇನು, ಕಣ್ಣಿದ್ದರೆ ಸಾಕು ಎಂದುಕೊಂಡಿದ್ದಳು. ನೋಡಲು ಬಿಡಬೇಕಾದವರು ಬೇರೆ ಇದ್ದಾರೆ, ಅವರಿಗೆ ನೋಡಿ ಆಗಬೇಕಾದದ್ದು ಏನೂ ಇಲ್ಲ ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ಮಾತ್ರೆ ಮಾಡುವ ಕಾರ್ಖಾನೆಗೂ ಬರೆದಿದ್ದರು. ಎರಡು ಸಾಲಿನ ಉತ್ತರ ಬಂತು. ಈ ಮಾತ್ರೆಯನ್ನು ನಾವು ಮಾತ್ರವಲ್ಲ, ಇನ್ನೂ ಮೂವತ್ತು ನಲವತ್ತು ಕಾರ್ಖಾನೆಗಳು ತಯಾರಿಸುತ್ತವೆ. ದಯವಿಟ್ಟು ನಮ್ಮ ಉತ್ಪನ್ನವನ್ನು ಗಂಭೀರ ಕಾಯಿಲೆಯೊಂದರ ಜೊತೆ ಸೇರಿಸಬೇಡಿ. ದೊಡ್ಡ ಡಾಕ್ಟರು ಅದನ್ನು ಎಲ್ಲರಿಗೂ ಓದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ನಗು ಬರಲಿಲ್ಲ. ಕಾರ್ಖಾನೆಯವರು ಸುಳ್ಳೇನೂ ಹೇಳಿರಲಿಲ್ಲ. ಯಾರೋ ಒಬ್ಬರು ಕೈಯಿಂದ ದುಡ್ಡು ಹಾಕಿ, ಐದಾರು ವರ್ಷ ಕಾದು, ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರೆ ಮಾರನೆಯ ದಿನ ನಲವತ್ತು ಕಾರ್ಖಾನೆಗಳೂ ಅದನ್ನೇ ಮಾರುತ್ತವೆ. ಯಾರ ಸ್ವತ್ತೂ ಅಲ್ಲದ್ದು, ಪೇಟೆಂಟು ಎಂದೋ ತೀರಿಹೋದದ್ದು. ಎಲ್ಲರಿಗೂ ಸೇರಿದ್ದನ್ನು ಕಾಯುವುದು ಯಾರ ಕೆಲಸವೂ ಅಲ್ಲ. ಅವರ ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ ಎಂಬುದೇ ಅವಳ ಮೈ ಉರಿಸುವ ಸಂಗತಿ. ಒಬ್ಬ ಕಳ್ಳ, ಒಬ್ಬ ಕಟುಕ ಸಿಕ್ಕಿದ್ದರೆ ಅವನನ್ನು ಬೈದು ಹಗುರವಾಗಬಹುದಿತ್ತು. ಸಿಗುವವರೆಲ್ಲ ಒಳ್ಳೆಯವರೇ. ಟೀ ಕುಡಿಸುತ್ತಾರೆ, ಬಾಗಿಲವರೆಗೆ ಬಂದು ಕಳಿಸಿಕೊಡುತ್ತಾರೆ.

ಅನುದಾನ ಕಚೇರಿಯ ಕಾಯುವ ಕೋಣೆಯ ಸೋಫಾಗಳು ನೆಲಕ್ಕೆ ಎಷ್ಟು ಹತ್ತಿರವೆಂದರೆ ಕೂತವರ ಮಂಡಿ ಎದೆಗೆ ಬರುತ್ತಿತ್ತು. ದೊಡ್ಡ ಡಾಕ್ಟರು ಆಗಲೇ ಬಂದು, ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಓರೆಯಾಗಿ ಕೂತಿದ್ದರು. ಹೊಸ ಟೈ. ಮೂರು ತಿಂಗಳಲ್ಲಿ ಅವರು ನಿವೃತ್ತರಾಗುತ್ತಾರೆ. ಮುಂದಿನ ವರ್ಷದ ಅರ್ಜಿಗೆ ಅವರ ಹೆಸರು ಹಾಕುವಂತಿಲ್ಲ, ಬೇರೆ ಯಾವ ಡಾಕ್ಟರೂ ತುರಿಕೆಗೆ ಹೆಸರು ಕೊಡುವುದಿಲ್ಲ. ಇವತ್ತು ಆಗಬೇಕು, ಇಲ್ಲವಾದರೆ ಆಗುವುದಿಲ್ಲ. ಎದುರು ಸೋಫಾದಲ್ಲಿ ಒಂದು ಔಷಧಿ ಕಂಪನಿಯ ನಾಲ್ವರು ಕೂತಿದ್ದರು, ಆಮೇಲಿನ ಸರದಿ ಅವರದು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನಾದ, ತೋಳು ಮಡಚಿದ ಅಂಗಿಯವನು ತೊಡೆಯ ಮೇಲೆ ಪ್ಲಾಸ್ಟಿಕ್ಕಿನ ಅಣುವಿನ ಮಾದರಿಯನ್ನು ಇಟ್ಟುಕೊಂಡಿದ್ದ, ಕೆಂಪು ನೀಲಿ ಗುಂಡುಗಳು. ಅವಳನ್ನು ನೋಡಿ ಮರ್ಯಾದೆಯಿಂದ ಎದ್ದು ನಿಂತು, "ಮೇಡಂ, ನಿಮ್ಮ ಪಾಠದ ಪುಸ್ತಕ ಓದ್ಕೊಂಡೇ ನಾನು ಪಾಸಾಗಿದ್ದು," ಎಂದ. ಅವಳಿಗೆ ಥಟ್ಟನೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ಅಷ್ಟೇ ಬೇಗ ನಾಚಿಕೆಯಾಯಿತು. ಆ ಪುಸ್ತಕದ ಮೂರನೆಯ ಅಧ್ಯಾಯ ಇದೇ: ಎಷ್ಟು ಜನ ಬೇಕು. ಕೈಯಲ್ಲಿ ಎಷ್ಟಿದೆ ಎಂದು ನೋಡಿಕೊಂಡು ಎಷ್ಟು ಬೇಕೆಂದು ಹೇಳಬಾರದು ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದಳು.

"ತಲೆ ಕೆಡಿಸ್ಕೋಬೇಡಿ," ಎಂದರು ದೊಡ್ಡ ಡಾಕ್ಟರು. "ಅವರು ಏನು ಕೇಳಿದ್ರೂ ಮೊದಲು ಹೌದು ಅನ್ನಿ. ಆಮೇಲೆ ನೋಡ್ಕೊಳ್ಳೋಣ."

"ಹೋದ ಸಲಾನೂ ಹೀಗೇ ಅಂದಿದ್ರಿ ಸಾರ್."

ಅವರ ಬೆರಳುಗಳು ಗಂಟು ಹಾಕುವುದನ್ನು ನಿಲ್ಲಿಸಿದವು.

ಹೋದ ಸಲ ಎಂದರೆ ಐದು ವರ್ಷದ ಹಿಂದೆ. ಎಷ್ಟು ಜನ ಬೇಕಾಗುತ್ತೆ ಮೇಡಂ, ಎಂದು ಅವರು ಕೇಳಿದ್ದರು. ಮಾತ್ರೆ ಮರಳಿ ಬರುವ ಗಡ್ಡೆಗಳಲ್ಲಿ ನಾಲ್ಕಕ್ಕೊಂದನ್ನು ತಡೆದರೂ ದೊಡ್ಡ ವಿಷಯ, ಅಷ್ಟನ್ನು ಕಾಣಬೇಕಾದರೆ ಸಾವಿರ ಜನ ಬೇಕು ಸಾರ್, ಎಂದಿದ್ದಳು. ಒಂದು ಧರ್ಮಸಂಸ್ಥೆ ಮುಂದೆ ಬಂದಿತ್ತು, ಅವರಿಂದ ಆಗುವುದು ನೂರಿಪ್ಪತ್ತು ಜನಕ್ಕೆ ಮಾತ್ರ. ನೂರಿಪ್ಪತ್ತಕ್ಕೆ ಆಗೋ ಹಾಗೆ ಮಾಡಿಕೊಡಿ. ಆಗಲ್ಲ ಸಾರ್. ಮಾಡಿ ಮೇಡಂ, ಶುರುವಾದರೆ ಸಾಕು, ಆಮೇಲೆ ನೋಡ್ಕೊಳ್ಳೋಣ. ಮಧ್ಯಾಹ್ನದ ಬಿಸಿಲು ಪರದೆಯ ಸಂದಿಯಿಂದ ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಅವಳು ಒಂದೇ ಒಂದು ಅಂಕಿ ಬದಲಾಯಿಸಿದಳು. ನಾಲ್ಕರಲ್ಲಿ ಒಂದು ಎನ್ನುವ ಕಡೆ ಮೂರರಲ್ಲಿ ಎರಡು ಎಂದು ಹಾಕಿದಳು. ಮೂರರಲ್ಲಿ ಎರಡನ್ನು ತಡೆಯುವ ಮಾತ್ರೆ ಈ ಭೂಮಿಯ ಮೇಲೆ ಇದ್ದಿದ್ದರೆ ಅದನ್ನು ಅಂಗಡಿಯವನೇ ಕಂಡುಹಿಡಿದಿರುತ್ತಿದ್ದ. ಕಂಪ್ಯೂಟರಿಗೆ ಅದೆಲ್ಲ ಏಕೆ, ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ: ನೂರಿಪ್ಪತ್ತು ಸಾಕು. ಸುಳ್ಳು ಹೇಳಿದೆನೆಂದು ಆಗ ಅನಿಸಲಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ, ಅದಕ್ಕೆ ಆಶಾವಾದದ ಅಂದಾಜು ಎಂದು ಒಳ್ಳೆಯ ಹೆಸರಿದೆ. ತನ್ನದೇ ಪುಸ್ತಕವನ್ನು ಮೊಣಕೈ ಕೆಳಗಿಟ್ಟುಕೊಂಡು ಬರೆದಳು. ಮೂರು ವರ್ಷದ ಮೇಲೆ ಫಲ ಬಂತು. ಹಿಟ್ಟಿನ ಮಾತ್ರೆ ತೆಗೆದುಕೊಂಡ ಅರವತ್ತರಲ್ಲಿ ಹತ್ತೊಂಬತ್ತು ಜನಕ್ಕೆ ಮರಳಿ ಬಂದಿತ್ತು, ನಿಜವಾದ ಮಾತ್ರೆಯ ಅರವತ್ತರಲ್ಲಿ ಹದಿನಾಲ್ಕು ಜನಕ್ಕೆ. ಐದು ಜನರ ವ್ಯತ್ಯಾಸ. ಮಾತ್ರೆಯಿಂದಲೂ ಇರಬಹುದು, ನಾಣ್ಯ ಚಿಮ್ಮಿದರೂ ಅಷ್ಟು ವ್ಯತ್ಯಾಸ ಬರಬಹುದು, ಹೇಳಲು ಸಾಧ್ಯವೇ ಇಲ್ಲ. ಆದರೆ ವರದಿಯ ಕೊನೆಯಲ್ಲಿ ನಿಯಮದಂತೆ ಒಂದು ವಾಕ್ಯ ಹಾಕಲೇಬೇಕು, ಅವಳೇ ಹಾಕಿದಳು: ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ. ಅಂದಿನಿಂದ ಆ ಮೂರು ಪದಗಳು ಅವರಿಗಿಂತ ಮುಂಚೆ ಪ್ರತಿ ಕಚೇರಿಗೂ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತವೆ.

ಆ ನೂರಿಪ್ಪತ್ತರಲ್ಲಿ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳಿದ್ದಳು. ಒಪ್ಪಿಗೆ ಪತ್ರವನ್ನು ಓದಿಸಿಕೊಂಡು, ಹೆಬ್ಬೆರಳಿನಿಂದ ಗೆರೆ ಒತ್ತಿ ಒತ್ತಿ ಅಂಗಿಯ ಹಾಗೆ ಮಡಚಿ, "ನನಗೆ ಗುಣ ಆಗದಿದ್ರೂ ಪರ್ವಾಗಿಲ್ಲ ಅಮ್ಮ, ಮುಂದಿನವರಿಗಾದ್ರೂ ಗೊತ್ತಾಗುತ್ತಲ್ಲ?" ಎಂದು ಕೇಳಿದ್ದಳು. ಆ ದಿನ ನರ್ಸು ರಜೆಯಲ್ಲಿದ್ದಳೆಂದು ಲೆಕ್ಕದ ಮೇಡಂ ಅಲ್ಲಿ ಕೂತಿದ್ದಳು, ಇಲ್ಲವಾದರೆ ಅವಳು ಯಾವ ರೋಗಿಯ ಮುಖವನ್ನೂ ನೋಡಬೇಕಾದವಳಲ್ಲ. ಗೊತ್ತಾಗಲ್ಲ ಕಣಮ್ಮ, ನಾನು ಗೊತ್ತಾಗದ ಹಾಗೆ ಮಾಡಿಟ್ಟಿದ್ದೀನಿ ಎನ್ನಬೇಕಿತ್ತು. ತಲೆಯಾಡಿಸಿದಳು. ಹೌದು ಎಂದು. ಎರಡನೆಯ ವರ್ಷ ಆ ಹೆಂಗಸಿಗೆ ಮರಳಿ ಬಂತು, ಮೂರನೆಯ ವರ್ಷ ಅಂಗಡಿಗೆ ಬೇರೆಯವರು ಬಂದರು. ಹತ್ತೊಂಬತ್ತರಲ್ಲಿ ಒಬ್ಬಳು. ಹತ್ತೊಂಬತ್ತು ಎಂದು ಟೈಪು ಮಾಡುವಾಗ ಅವಳ ಬೆರಳು ಒಂದು ಗಳಿಗೆ ನಿಂತದ್ದು ನಿಜ, ಆಮೇಲೆ ಮುಂದಿನ ಅಂಕಣಕ್ಕೆ ಹೋದದ್ದೂ ನಿಜ.

ಫೋನು ನಡುಗಿತು. ಅತ್ತಿಗೆ. ಅವಳು ಎದ್ದು ಕಿಟಕಿಯ ಹತ್ತಿರ ಹೋದಳು.

"ತಗೊಂಡೆ," ಎಂದರು ಅತ್ತಿಗೆ.

"ಏನನ್ನ?"

"ಅದನ್ನೇ. ಒಂದು. ನಿಮ್ಮ ಅಣ್ಣ ಡ್ಯೂಟಿಗೆ ಹೋದಮೇಲೆ ತಗೊಂಡೆ, ಅವರಿಗೆ ಹೇಳಬೇಡ. ನೀನು ಹೇಳಲ್ಲ, ಡಾಕ್ಟರು ಹೇಳಲ್ಲ. ಅಂಗಡಿಯವನು ಹೇಳ್ದ, ತಗೊಳ್ಳಿ ಟೀಚರೇ, ನಮ್ಮ ಚಿಕ್ಕಮ್ಮಂಗೂ ಕೊಡ್ತಿದೀವಿ ಅಂತ."

"ಅತ್ತಿಗೆ, ನಿಮ್ಮ ಡಾಕ್ಟರಿಗೆ ಹೇಳದೆ ಹೀಗೆಲ್ಲ… ಬೇರೆ ಮಾತ್ರೆ ಜೊತೆ ಹೊಂದಿಕೆ ಆಗುತ್ತೋ ಇಲ್ವೋ. ಇವತ್ತೇ ಅವರಿಗೆ ಫೋನ್ ಮಾಡಿ."

"ಮಾಡ್ತೀನಿ ಮಾರಾಯ್ತಿ. ನಿದ್ದೆ ಬರ್ತಿದೆ ಅಷ್ಟೆ. ಕೆಲಸ ಮಾಡ್ತಿದೆ ಅಂತ ಅರ್ಥಾನಾ?"

"ಆ ಮಾತ್ರೆಗೆ ನಿದ್ದೆ ಎಲ್ಲರಿಗೂ ಬರುತ್ತೆ, ತುರಿಕೆ ಇರೋರಿಗೂ."

"ನಿನ್ನ ಹತ್ರ ಒಂದು ಒಳ್ಳೆ ಮಾತು ಕೇಳ್ಬೇಕಾದ್ರೆ ಇನ್ನೊಂದು ಜನ್ಮ ಬೇಕು," ಎಂದು ಅತ್ತಿಗೆ ಆಕಳಿಸಿ ಫೋನಿಟ್ಟರು.

ಕೆಳಗೆ ರಸ್ತೆಯಲ್ಲಿ ಒಬ್ಬಾತ ಸೈಕಲ್ಲಿನ ಚೈನನ್ನು ಮತ್ತೆ ಮತ್ತೆ ಹಲ್ಲಿಗೆ ಕೂರಿಸುತ್ತಿದ್ದ, ಅದು ಮತ್ತೆ ಮತ್ತೆ ಕಳಚುತ್ತಿತ್ತು. ಅಂಗಡಿಯವನ ಚಿಕ್ಕಮ್ಮ. ಅತ್ತಿಗೆ. ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು. ಎಲ್ಲರೂ ನುಂಗುತ್ತಿದ್ದಾರೆ, ಯಾರೂ ನೋಡುತ್ತಿಲ್ಲ. ಕೆಲವರು ಬದುಕುತ್ತಾರೆ, ಮಾತ್ರೆಯಿಂದ ಎನ್ನುತ್ತಾರೆ. ಕೆಲವರು ಸಾಯುತ್ತಾರೆ, ಅವರು ಏನನ್ನೂ ಅನ್ನುವುದಿಲ್ಲ. ಕೆಲಸ ಮಾಡದ ಮಾತ್ರೆಯಾಗಿದ್ದರೆ ಬೇಡ ತಾಯಿ, ಸುಮ್ಮನೆ ನಂಬಬೇಡ ಎಂದು ಕೈ ಹಿಡಿದು ಹೇಳಬಹುದಿತ್ತು, ಅದೂ ಒಂದು ಉಪಕಾರವೇ. ಅದನ್ನು ಹೇಳುವ ಹಕ್ಕು ಕೂಡ ಅವಳಿಗಿಲ್ಲ. ಸಾವಿರ ಜನ ಸೇರುವುದಿಲ್ಲ ಎಂದವರು ಯಾರು? ಎಲ್ಲರೂ ಆಗಲೇ ಸೇರಿದ್ದಾರೆ, ಲೆಕ್ಕಕ್ಕೆ ಮಾತ್ರ ಇಲ್ಲ. ಅವಳ ಕೆನ್ನೆ ಬಿಸಿಯಾಯಿತು. ಕಿಟಕಿಯ ಗಾಜಿಗೆ ಹಣೆ ಒತ್ತಿದಳು, ಗಾಜೂ ಬಿಸಿಯಾಗಿತ್ತು.

ಸಮಿತಿಯ ಹಾಲಿನಲ್ಲಿ ಮೇಜು ಕುದುರೆಲಾಳದ ಆಕಾರದಲ್ಲಿತ್ತು. ಅಧ್ಯಕ್ಷರು ಗಂಟಲಿಗೆಂದು ಏನೋ ಚೀಪುತ್ತಿದ್ದರು, ಪ್ರತಿ ಮಾತಿಗೂ ಮುಂಚೆ ಅದನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಎಡಗಡೆ ಬೋಳುತಲೆಯ ಸದಸ್ಯರು, ಬಲಗಡೆ ಮುತ್ತಿನ ಓಲೆಯ ಸದಸ್ಯೆ, ಉಳಿದವರು ಲ್ಯಾಪ್‌ಟಾಪಿನ ಹಿಂದೆ. ದೊಡ್ಡ ಡಾಕ್ಟರು ಚೆನ್ನಾಗಿ ಮಾತಾಡಿದರು. ಐವತ್ತು ವರ್ಷದಿಂದ ಜನ ತಿನ್ನುತ್ತಿರುವ ಮಾತ್ರೆ, ಅಪಾಯ ಏನೆಂದು ಮೊದಲೇ ಗೊತ್ತಿರುವ ಮಾತ್ರೆ, ಫಲಿಸಿದರೆ ಯಾರೂ ದುಡ್ಡಿಲ್ಲವೆಂದು ಸಾಯಬೇಕಿಲ್ಲ. ಬೋಳುತಲೆಯವರು ಅರ್ಜಿಯ ಹಾಳೆ ತಿರುಗಿಸಿ, "ಕೈಗಾರಿಕಾ ಪಾಲುದಾರರು ಅನ್ನೋ ಕಡೆ ಇಲ್ಲ ಅಂತ ಬರೆದಿದೀರಿ," ಎಂದರು.

"ಇಲ್ಲ ಸಾರ್, ಅದಕ್ಕೇ ಇಲ್ಲ ಅಂತ ಬರೆದಿದೀವಿ."

"ಅಲ್ಲ ಡಾಕ್ಟ್ರೇ, ನಿಜವಾಗ್ಲೂ ಇದರಲ್ಲಿ ಸತ್ವ ಇದ್ದಿದ್ರೆ ಯಾವುದಾದ್ರೂ ಕಂಪನಿ ಇಷ್ಟೊತ್ತಿಗೆ ಮೂಸಿ ನೋಡಿರ್ತಿರಲಿಲ್ವಾ?"

ಸದಸ್ಯೆ ಮುಂದಕ್ಕೆ ಬಾಗಿದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ನಾನೊಂದು ಹೇಳ್ಲಾ? ಈ ಅಣುವಿಗೆ ಒಂದು ಬಾಲ ಸೇರಿಸಿ. ಇಲ್ಲಾ ಮೇಲೊಂದು ಹೊಸ ಅಂಗಿ ತೊಡಿಸಿ, ನಿಧಾನವಾಗಿ ಕರಗೋ ಹಾಗೆ. ಆಗ ಅದು ಹೊಸದು, ಪೇಟೆಂಟ್ ಸಿಗುತ್ತೆ. ಪೇಟೆಂಟ್ ಸಿಕ್ರೆ ಕಂಪನಿ ತಾನಾಗೇ ಬರುತ್ತೆ."

"ಬಾಲ ಸೇರಿಸಿದ್ರೆ ಐವತ್ತು ವರ್ಷದಲ್ಲಿ ತಿಳ್ಕೊಂಡಿದ್ದು ಆ ಬಾಲಕ್ಕೆ ಅನ್ವಯಿಸಲ್ಲ ಮೇಡಂ," ಎಂದಳು ಅವಳು. "ಮತ್ತೆ ಇಲಿಯಿಂದ ಶುರು ಮಾಡ್ಬೇಕು. ಬೆಲೆ ಇನ್ನೂರು ಪಟ್ಟು ಆಗುತ್ತೆ. ಬಾಲಕ್ಕೆ."

"ವ್ಯವಸ್ಥೆ ಇರೋದು ಹಾಗೆ, ಏನ್ ಮಾಡೋಕಾಗುತ್ತೆ ಹೇಳಿ." ಸದಸ್ಯೆ ನಿಟ್ಟುಸಿರು ಬಿಟ್ಟರು.

ಅಧ್ಯಕ್ಷರು ಚೀಪುತ್ತಿದ್ದುದನ್ನು ಇನ್ನೊಂದು ದವಡೆಗೆ ಸರಿಸಿದರು. "ಅದೆಲ್ಲ ಇರ್ಲಿ. ಇದನ್ನ ಆಗಲೇ ಪರೀಕ್ಷೆ ಮಾಡಿ ಆಗಿದೆಯಲ್ಲ? ನಿಮ್ಮದೇ ವರದಿ. ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ. ಇಲ್ಲ ಅಂತ ಗೊತ್ತಾದ್ಮೇಲೆ ಮತ್ತೆ ಯಾಕೆ?"

"ಇಲ್ಲ ಅಂತ ಗೊತ್ತಾಗಿಲ್ಲ ಸಾರ್."

"ನೀವೇ ಬರೆದಿದೀರಲ್ಲ ತಾಯಿ."

ಮೇಜಿನ ಕೆಳಗೆ ದೊಡ್ಡ ಡಾಕ್ಟರ ಬೂಟು ಅವಳ ಕಾಲನ್ನು ಮುಟ್ಟಿತು. ಅವಳು ಕಾಲು ಎಳೆದುಕೊಂಡಳು. ತನ್ನ ದನಿ ಇಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳಿಗೇ ತಿಳಿದಿರಲಿಲ್ಲ. "ನಾನೇ ಬರೆದಿದ್ದು. ಸಾವಿರ ಜನ ಬೇಕಿತ್ತು, ನೂರಿಪ್ಪತ್ತು ಸಾಕು ಅಂತ ಅಂಕಿ ತಿರುಚಿದ್ದೂ ನಾನೇ. ಅಷ್ಟಕ್ಕೇ ಹಣ ಇತ್ತು, ಅಷ್ಟಕ್ಕೆ ತಕ್ಕ ಹಾಗೆ ಉತ್ತರ ಹೊಂದಿಸಿದೆ. ಆ ಪ್ರಯೋಗಕ್ಕೆ ಕಣ್ಣೇ ಇರಲಿಲ್ಲ. ಕುರುಡಿಯನ್ನ ಕಳಿಸಿ, ಅವಳಿಗೆ ಏನೂ ಕಾಣಲಿಲ್ಲವಂತೆ, ಅಲ್ಲಿ ಏನೂ ಇಲ್ಲ ಅಂತಿದೀರಿ."

ಲ್ಯಾಪ್‌ಟಾಪುಗಳ ಹಿಂದಿನ ಮುಖಗಳು ಮೇಲೆದ್ದವು. ಅವಳು ಬೈಗುಳಕ್ಕೆ ಕಾದಳು, ವಿಚಾರಣೆಗೆ ಕಾದಳು. ಏನಾದರೂ ಒಂದು ಮೈಮೇಲೆ ಬಿದ್ದಿದ್ದರೆ ಸಮಾಧಾನವಾಗುತ್ತಿತ್ತು. ಅಧ್ಯಕ್ಷರು ಮೃದುವಾಗಿ ನಕ್ಕರು. ಮನೆಯ ಹಿರಿಯರು ಮದುವೆ ವಯಸ್ಸಿನ ಹುಡುಗಿಯ ತಪ್ಪನ್ನು ಮುಚ್ಚಿಡುವ ಹಾಗೆ. "ಆ ಮಾತನ್ನ ನಾವು ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳ್ಳೋಣ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇಷ್ಟು ವರ್ಷ ಸರ್ವೀಸ್ ಮಾಡಿದೀರಿ, ಹೆಸರಿದೆ." ಪಕ್ಕದವರ ಕಿವಿಯಲ್ಲಿ ಏನೋ ಅಂದರು, ಅವರು ತಲೆಯಾಡಿಸಿದರು. "ನಿಮ್ಮ ಕಳಕಳಿ ನಮಗೆ ಅರ್ಥ ಆಗುತ್ತೆ. ಬರಿಗೈಲಿ ಕಳಿಸಲ್ಲ. ಇನ್ನೂರು ಜನಕ್ಕೆ ಮಾಡಿ. ಹೋದ ಸಲಕ್ಕಿಂತ ಜಾಸ್ತೀನೇ ಆಯ್ತಲ್ಲ? ನಮೂನೇಲಿ ಸಂಖ್ಯೆ ತಿದ್ದಿ, ಇಬ್ಬರೂ ಸಹಿ ಹಾಕಿ, ಇವತ್ತಿನ ಕಲಾಪ ಮುಗಿಯೋದ್ರೊಳಗೆ ಕೊಟ್ಟುಬಿಡಿ."

"ಇನ್ನೂರು ಜನ ಸಾಕಾಗುತ್ತೆ ಅಂತ ಲೆಕ್ಕ ತೋರಿಸೋದು ಹೇಗೆ ಸಾರ್?"

"ಅದು ನಿಮಗೆ ಗೊತ್ತಿರೋ ವಿದ್ಯೆ," ಎಂದರು ಬೋಳುತಲೆಯವರು. ಆಗ ಎಲ್ಲರೂ ನಕ್ಕರು, ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಕೇಳಿಸಿಕೊಂಡಿಲ್ಲ ಎಂದ ಮಾತನ್ನು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದರು.

ಹಾಲಿನ ಹಿಂದಿನ ಸಾಲಿನ ಕುರ್ಚಿಗಳಲ್ಲಿ ಇಬ್ಬರನ್ನೂ ಕೂರಿಸಿ, ಗುಮಾಸ್ತ ನಮೂನೆ ತಂದುಕೊಟ್ಟ. ದೊಡ್ಡ ಡಾಕ್ಟರು ಅಲ್ಲಿಯೇ ಮಂಡಿಯ ಮೇಲಿಟ್ಟುಕೊಂಡು ಸಾವಿರವನ್ನು ಹೊಡೆದುಹಾಕಿ ಇನ್ನೂರು ಎಂದು ಬರೆದರು, ಸಹಿ ಹಾಕಿದರು, ಪೆನ್ನಿನ ಮುಚ್ಚಳ ಹಾಕದೆಯೇ ಅವಳ ಕೈಗೆ ಕೊಟ್ಟರು. ಕಂಪನಿಯ ನಾಲ್ವರು ಒಳಗೆ ಬಂದು ಪರದೆಯ ಮುಂದೆ ನಿಂತಿದ್ದರು. "ಹಾಕಿ ಮೇಡಂ," ಎಂದು ಪಿಸುಗುಟ್ಟಿದರು ಡಾಕ್ಟರು. "ಇನ್ನೂರು ಅಂದ್ರೆ ಸೊನ್ನೆಗಿಂತ ಮೇಲು."

"ಸೊನ್ನೆಗಿಂತ ಕೆಳಗೆ ಸಾರ್. ಮೂರು ವರ್ಷ ಆದ್ಮೇಲೆ ಏನೂ ಕಾಣಲ್ಲ. ಆಗ ಎರಡು ಸಲ ನೋಡಿಯಾಯ್ತು ಅಂತಾರೆ. ಮೂರನೇ ಸಲ ಈ ಬಾಗಿಲು ತಟ್ಟೋಕೂ ಆಗಲ್ಲ, ಯಾರಿಗೂ."

"ಅದೃಷ್ಟ ಇದ್ರೆ ಕಾಣಬಹುದು."

"ಇನ್ನೂರು ಜನ ನಮ್ಮನ್ನ ನಂಬ್ಕೊಂಡು ಸಹಿ ಹಾಕ್ತಾರೆ. ಅದೃಷ್ಟದ ಆಟ ಅಂತ ಅವರಿಗೆ ಹೇಳ್ತೀರಾ?"

"ನನಗೆ ಮೂರು ತಿಂಗಳು ಉಳಿದಿದೆ." ಅವಳು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಹಾಕಿಬಿಡುತ್ತಿದ್ದಳು. ಎಂಥ ಮನುಷ್ಯ, ಎಷ್ಟು ಜನರ ಎದೆಯನ್ನು ತೆರೆದು ಹೊಲಿದ ಕೈಗಳು, ಈಗ ಅವಳ ಕುರ್ಚಿಯ ತೋಳನ್ನು ಹಿಡಿದುಕೊಂಡಿದ್ದವು. ಪೆನ್ನಿನ ತುದಿಯಲ್ಲಿ ಶಾಯಿ ಒಣಗುತ್ತಿತ್ತು. ಒಂದು ಸಹಿ. ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ಹಾಕುವಂಥದ್ದೇ. ಹಾಕಿದರೆ ಆಸ್ಪತ್ರೆಯಲ್ಲಿ ಸಿಹಿ ಹಂಚುತ್ತಾರೆ, ಅರಿವಳಿಕೆ ಡಾಕ್ಟರು ಬಂದು ಕೈ ಕುಲುಕುತ್ತಾರೆ, ಇನ್ನೂರು ಹೆಂಗಸರು ಒಪ್ಪಿಗೆ ಪತ್ರ ಮಡಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ. ಹಾಕದಿದ್ದರೆ ಮಾತ್ರೆ ಅಂಗಡಿಯವನ ಮಾತಿನ ಮೇಲೆ ನಡೆಯುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಹೊಲಸು ಎಂದು ಅಳೆಯುವ ಕೋಲು ಅವಳ ವಿದ್ಯೆಯಲ್ಲಿ ಇರಲಿಲ್ಲ.

ಪರದೆಯ ಮೇಲೆ ಕೆಂಪು ನೀಲಿ ಗುಂಡುಗಳು ತಿರುಗುತ್ತಿದ್ದವು. ತೋಳು ಮಡಚಿದ ಅಂಗಿಯವನು ವಿವರಿಸುತ್ತಿದ್ದ. ಕಂಪನಿಯ ಹಳೆಯ ಔಷಧಿಯೊಂದರ ಪೇಟೆಂಟ್ ಮುಂದಿನ ವರ್ಷ ಮುಗಿಯುತ್ತದೆ, ಅದರ ಒಂದು ಕೊಂಡಿ ಬದಲಾಯಿಸಿದ್ದಾರೆ, ಹಳೆಯದಕ್ಕಿಂತ ನೂರಕ್ಕೆ ನಾಲ್ಕರಷ್ಟು ಮೇಲು ಇರಬಹುದೆಂಬ ನಿರೀಕ್ಷೆ. ಖರ್ಚಿನ ಅರ್ಧ ಕಂಪನಿಯದು, ಅರ್ಧವನ್ನು ಸಮಿತಿ ಕೊಟ್ಟರೆ ಸಾಕು. ಸದಸ್ಯರು ಕುರ್ಚಿಯಲ್ಲಿ ಹಿತವಾಗಿ ಒರಗಿದ್ದರು. ಎಷ್ಟು ಜನ ಬೇಕಾಗುತ್ತೆ, ಎಂದು ಅಧ್ಯಕ್ಷರು ಕೇಳಿದರು, ಹವಾಮಾನ ವಿಚಾರಿಸುವಂತೆ.

"ಎರಡು ಸಾವಿರದ ನಾನೂರು ಸಾರ್."

ಯಾರೂ ಹುಬ್ಬೇರಿಸಲಿಲ್ಲ. ಅಧ್ಯಕ್ಷರು ಬರೆದುಕೊಂಡರು. ಆಮೇಲೆ ಹಿಂದಿನ ಸಾಲಿನ ಕಡೆ ಕತ್ತು ಚಾಚಿ, ಹಳೆಯದನ್ನು ಮರೆತು ಸ್ನೇಹಕ್ಕೆ ಕೈ ಚಾಚುವವರ ಹಾಗೆ, "ಲೆಕ್ಕದವರು ಇಲ್ಲೇ ಇದ್ದಾರಲ್ಲ. ಏನಮ್ಮ, ಸರೀನಾ ಈ ಸಂಖ್ಯೆ?" ಎಂದರು.

ಅವಳು ಪರದೆಯನ್ನು ನೋಡಿದಳು. ಮನಸ್ಸಿನಲ್ಲೇ ಕೂಡಿ, ಭಾಗಿಸಿ, ನೋಡಿದಳು. ತಪ್ಪು ಇರಲಿ ಎಂದು ಇಷ್ಟು ಆಸೆಯಿಂದ ಅವಳು ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ತಪ್ಪಿರಲಿಲ್ಲ. ಹುಡುಗ ಮೂರನೆಯ ಅಧ್ಯಾಯವನ್ನು ಚೆನ್ನಾಗಿ ಓದಿಕೊಂಡಿದ್ದ. "ಸರಿ ಇದೆ," ಎಂದಳು. "ಒಬ್ಬರನ್ನೂ ಕಡಿಮೆ ಮಾಡೋ ಹಾಗಿಲ್ಲ." ಆಮೇಲೆ ತಲೆ ತಗ್ಗಿಸಿ, ಇನ್ನೂರನ್ನು ಎರಡು ಅಡ್ಡಗೆರೆಯಿಂದ ಹೊಡೆದು, ಮೇಲೆ ಸಾವಿರ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ಗುಮಾಸ್ತ ಬಗ್ಗಿ ನೋಡಿ, "ಮೇಡಂ, ಹೀಗೆ ತಿದ್ದಿದ್ರೆ ಅರ್ಜಿ ಬಿದ್ದುಹೋಗುತ್ತೆ," ಎಂದ, ಪಾಪ, ಅವನೊಬ್ಬನ ಮುಖದಲ್ಲೇ ಗಾಬರಿಯಿತ್ತು. "ಬೀಳ್ಲಿ," ಎಂದು ಕೊಟ್ಟಳು.

ಹೊರಗೆ ಲಿಫ್ಟಿನ ಮುಂದೆ ದೊಡ್ಡ ಡಾಕ್ಟರು ಟೈ ಬಿಚ್ಚಿ ಜೇಬಿಗೆ ತುರುಕಿಕೊಳ್ಳುತ್ತಿದ್ದರು. "ಕೈ ತೊಳ್ಕೊಂಡ್ರಿ. ಖುಷಿಯಾಯ್ತಾ? ನಿಮ್ಮ ಮಡಿ ಉಳೀತು, ನನ್ನ ಏಳು ವರ್ಷ ಹೋಯ್ತು. ಇಲ್ಲ ಅಂದವರ ಲಿಸ್ಟಲ್ಲಿ ಮೊದಲನೇ ಹೆಸರು ನಿಮ್ಮದೇ ಈಗ." ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಅದಕ್ಕೇ ಅವಳಿಗೆ ಸಿಟ್ಟು ನೆತ್ತಿಗೇರಿತು. ಕಂಪನಿಯ ಹುಡುಗ ಓಡುತ್ತಾ ಬಂದ, ಮುಖವೆಲ್ಲ ಬೆಳಕು. "ಥ್ಯಾಂಕ್ಸ್ ಮೇಡಂ, ನೀವು ಸರಿ ಇದೆ ಅಂದ್ಮೇಲೆ ಒಂದು ಪ್ರಶ್ನೇನೂ ಕೇಳಲಿಲ್ಲ ಅವರು. ನಮ್ಮಲ್ಲಿಗೆ ಬಂದುಬಿಡಿ ಮೇಡಂ, ನಿಮ್ಮಂಥೋರು ಬೇಕು. ಅಲ್ಲಿ ಎಷ್ಟು ಜನ ಬೇಕು ಅಂದ್ರೆ ಅಷ್ಟು ಕೊಡ್ತಾರೆ." ಲಿಫ್ಟಿನ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು ಒಳಗೆ ಹೋಗಿ ಕನ್ನಡಿಯ ಕಡೆ ಮುಖ ಮಾಡಿ ನಿಂತರು. ಹುಡುಗ ಬಾಗಿಲಿಗೆ ಕಾಲು ಅಡ್ಡ ಹಿಡಿದು, "ಬನ್ನಿ ಮೇಡಂ, ಜಾಗ ಇದೆ," ಎಂದ.

"ನೀವು ಹೋಗಿ."

ಬಾಗಿಲು ಮುಚ್ಚಿತು. ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಯಾರನ್ನಾದರೂ ಹೊಡೆಯಬೇಕೆನ್ನಿಸುವಷ್ಟು ಸಿಟ್ಟು ಬಂದಿತ್ತು, ಹೊಡೆಯಲು ಎದುರಿಗೆ ಬಿಳಿ ಗೋಡೆ, ಬೆಂಕಿ ಆರಿಸುವ ಕೆಂಪು ಸಿಲಿಂಡರು. ಚೀಲದಿಂದ ಅರ್ಜಿಯ ಹೆಚ್ಚುವರಿ ಪ್ರತಿ ಹೊರತೆಗೆದು, ಹಿಂಬದಿಯ ಖಾಲಿ ಹಾಳೆ ತಿರುಗಿಸಿದಳು. ಹಳೆಯ ವರದಿ ಪ್ರಕಟವಾಗಿದ್ದ ಪತ್ರಿಕೆಯ ಸಂಪಾದಕರಿಗೆ, ಎಂದು ಬರೆದಳು. ಇದು ಅಚ್ಚಾದರೆ ಅವಳ ಪುಸ್ತಕವನ್ನು ಯಾರೂ ಓದುವುದಿಲ್ಲ, ಆಸ್ಪತ್ರೆ ನೋಟಿಸು ಕೊಡುತ್ತದೆ, ದೊಡ್ಡ ಡಾಕ್ಟರ ಹೆಸರಿಗೂ ಮಸಿ ಅಂಟುತ್ತದೆ. ಅಂಟಲಿ. ಕೇಳಿಸಿಕೊಂಡಿಲ್ಲ ಎನ್ನಲು ಇದು ಬಾಯಿಮಾತಲ್ಲ. ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿ ಬರೆಯತೊಡಗಿದಳು. ಆ ಪ್ರಯೋಗದಿಂದ ಈ ಮಾತ್ರೆ ನಿಷ್ಫಲವೆಂದು ತಿಳಿದುಬಂದಿಲ್ಲ. ಸಫಲವೆಂದೂ ತಿಳಿದುಬಂದಿಲ್ಲ. ತಿಳಿಯಲು ಸಾಧ್ಯವಿಲ್ಲದಷ್ಟು ಕಡಿಮೆ ಜನರನ್ನು ಸೇರಿಸಲಾಗಿತ್ತು, ಆ ಸಂಖ್ಯೆಯನ್ನು ಕೊಟ್ಟವಳು ನಾನು, ಕೊಡುವಾಗ ನನಗೆ ಅದು ಗೊತ್ತಿತ್ತು.

ಗುಮಾಸ್ತ ಬಾಗಿಲಿನಿಂದ ತಲೆ ಹೊರಹಾಕಿದ. "ಮೇಡಂ, ಇಲ್ಲಿ ಕೂರೋ ಹಾಗಿಲ್ಲ. ಮುಂದಿನವರು ಬರ್ತಾರೆ."

"ಬರ್ಲಿ," ಎಂದಳು ತಲೆಯೆತ್ತದೆ, ಮತ್ತು ಮುಂದಿನ ಸಾಲಿಗೆ ಹೋದಳು.